ಗುಣವಾದವನ ಬಾಡೂಟ

ಅಪ್ಪನಿಗೆ ನಾಚಿಕೆ ಇರಲಿಲ್ಲ. ಕುಡಿತ ಬಿಡಿಸುವ ಕೇಂದ್ರದಿಂದ ಮಗ ಗುಣವಾಗಿ ಬಂದ ಸಂತೋಷಕ್ಕೆ ಕುರಿ ಕಡಿಸಿ ಬಾಡೂಟ ಇಟ್ಟ. ನೆಂಟರಿಗೆಂದು ಒಂದು ಪೆಟ್ಟಿಗೆ ವಿಸ್ಕಿಯನ್ನೂ ತರಿಸಿದ.

"ಅವನಿರೋ ಮನೇಲಿ ಎಣ್ಣೆ ತಂದಿಟ್ಟಿದ್ದೀಯಲ್ಲಪ್ಪ, ನಿಂಗೆ ತಲೆ ನೆಟ್ಟಗಿದ್ಯಾ?" ಎಂದಳು ಮಗಳು.

"ಬಾಡೂಟಕ್ಕೆ ಎಣ್ಣೆ ಇಲ್ದಿದ್ರೆ ನೆಂಟ್ರು ಮಖಕ್ಕೆ ಉಗೀತಾರೆ ಕಣವ್ವ. ನಿನ್ ತಮ್ಮನ್ನ ಕಾಯೋಕೆ ನೀನಿದ್ದೀಯಲ್ಲ."

"ಅವನ್ನ ಕಾದು ಕಾದು ನಾನೇ ನಿದ್ದೆ ಮಾತ್ರೆ ನುಂಗೋ ಹಂಗಾಗಿದೀನಿ. ಇನ್ನು ನನ್ ಕೈಲಾಗಲ್ಲ. ಆ ಪೆಟ್ಟಿಗೆ ಇಲ್ಲಿದ್ರೆ ನಾನಿಲ್ಲಿ ಇರಲ್ಲ."

"ಹೋಗು, ಯಾರು ಬೇಡ ಅಂದೋರು? ಬಾಡು ಬಡಿಸಿಬಿಟ್ಟು ಹೋಗು" ಎಂದು ಸೋದರಮಾವ ನಕ್ಕ. ಅವನ ಜೊತೆ ಎಲ್ಲರೂ ನಕ್ಕರು. ಹಿತ್ತಲಿನಲ್ಲಿ ಈರುಳ್ಳಿ ಸುಲಿಯುತ್ತಿದ್ದ ತಮ್ಮ ಮಾತ್ರ ಕತ್ತೆತ್ತಿ ಅಕ್ಕನ ದನಿ ಬಂದ ಕಡೆ ನೋಡಿದ.

ಪಂಕ್ತಿ ಕೂರುವ ಹೊತ್ತಿಗೆ ತಮ್ಮ ಹಿತ್ತಲಿನಲ್ಲಿ ಇರಲಿಲ್ಲ. ಅರ್ಧ ಸುಲಿದ ಈರುಳ್ಳಿ ಅಲ್ಲೇ ಬಿದ್ದಿತ್ತು. ಅಪ್ಪ ಮಗನನ್ನು ಹುಡುಕಲಿಲ್ಲ. ಕೋಣೆಗೆ ಓಡಿ, ಪೆಟ್ಟಿಗೆ ತೆಗೆದು ಬಾಟಲಿ ಎಣಿಸಿದ.

"ಕದ್ದಿಲ್ಲ ಕಣ್ರೋ, ಎಲ್ಲಾ ಇದಾವೆ!" ಎಂದು ಅಲ್ಲಿಂದಲೇ ಕೂಗಿದ.

ನೆಂಟರು ಸಮಾಧಾನದಿಂದ ಲೋಟ ಮುಂದಿಟ್ಟರು. ಅಪ್ಪ ಬಾಡು ತರಲು ಮಗಳನ್ನು ಕರೆದ. ಮತ್ತೆ ಕರೆದ. ಬಾಗಿಲ ಹಿಂದೆ ಸದಾ ತೂಗುತ್ತಿದ್ದ ಅವಳ ಬ್ಯಾಗು ಕಾಣಲಿಲ್ಲ. ತಮ್ಮನ ಚಪ್ಪಲಿಯೂ ಕಾಣಲಿಲ್ಲ.

ಬಾಟಲಿ ಒಂದೂ ಹೋಗಿರಲಿಲ್ಲ. ಮಕ್ಕಳು ಇಬ್ಬರೂ ಹೋಗಿದ್ದರು.