ಬೆವರದ ಸವಾರ

ಪದ್ಮಾ ಮೊಬೈಲಿನಲ್ಲಿ ಬಂದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಗಂಡನ ಅಂಗಿಯ ಕಾಲರು ಇಸ್ತ್ರಿ ಮಾಡಿದ ಹಾಗೇ ಇತ್ತು. ಕಂಕುಳಲ್ಲಿ ಒಂದು ತೊಟ್ಟು ಬೆವರಿಲ್ಲ. ಹಿಂದೆ ಕಾಕಿನಾಡದ ಹತ್ತಿರದ ಉಪ್ಪಾಡದ ಕಡಲು. ಪಕ್ಕದಲ್ಲಿ ಹಳದಿ ಸೈಕಲ್ಲು, ಅದರ ಮೈಗೆಲ್ಲ ಮರಳು ಮೆತ್ತಿಕೊಂಡಿತ್ತು.

ಸೈಕಲ್ಲು ದಣಿದಿತ್ತು. ಮಹಾಬಲೇಶ್ವರ ದಣಿದಿರಲಿಲ್ಲ.

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಈ ಕುಮಟೆಯ ಮನುಷ್ಯ, ನಿವೃತ್ತಿಗೆ ಮುಂಚೆ ಒಂದು ಸಾಹಸ ಮಾಡಿಯೇ ಸೈ ಎಂದು ಹೊರಟಿದ್ದ. ಕಡಲ ಅಂಚಿನ ರಸ್ತೆ ಹಿಡಿದು ಕಾಕಿನಾಡ, ನರಸಾಪುರ, ಮಚಲೀಪಟ್ಟಣ ದಾಟಿ ವಿಜಯವಾಡದವರೆಗೆ ಸೈಕಲ್ ಯಾತ್ರೆ. ಸಾಮಾನು ಹೊರಲು ಹಿಂದೆ ಮನೆಯ ಕಾರು. ಅದನ್ನು ಓಡಿಸಲು ಗೆಳೆಯನೊಬ್ಬ ಬರುತ್ತಾನೆಂದು ಹೇಳಿದ್ದ.

ಪದ್ಮಾ ನಂಬಿದ್ದಳು. ನಂಬದಿರಲು ಕಾರಣವೂ ಇರಲಿಲ್ಲ. ಚಳಿಗಾಲದ ಉದ್ದಕ್ಕೂ ಬೆಳಗಾಗುತ್ತಲೇ ಅವನು ಕಾರಿನ ಬೆನ್ನಿಗೆ ಸೈಕಲ್ ಕಟ್ಟಿ, ತನ್ನ ಅತ್ತೆಯನ್ನು, ಅಂದರೆ ಪದ್ಮಾಳ ಅಮ್ಮ ಹೈಮಾವತಿಯನ್ನು, ಪಕ್ಕದಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. ಅತ್ತೆಯನ್ನು ದೇವಸ್ಥಾನಕ್ಕೆ ಬಿಟ್ಟು ಬೀಚ್ ರಸ್ತೆಯಲ್ಲಿ ಅಭ್ಯಾಸ. ಇಷ್ಟಾದರೂ ಅವನ ಹೊಟ್ಟೆ ಒಂದಿಷ್ಟೂ ಕರಗಲಿಲ್ಲ. ಪ್ರದಕ್ಷಿಣೆ ಹಾಕಿ ಬಂದ ಅಮ್ಮನಿಗೇ ಭಾರೀ ಹಸಿವು. ದೋಸೆಯ ಮೇಲೆ ದೋಸೆ ಕೇಳುತ್ತಿದ್ದಳು.

ಈಗ ಅಮ್ಮನೂ ಮನೆಯಲ್ಲಿಲ್ಲ. ಗುಂಪಿನೊಡನೆ ಕಾಶಿಗೆ ಹೋಗಿದ್ದಳು. ಬಚ್ಚಲಲ್ಲಿ ಒಮ್ಮೆ ಜಾರಿದ ಮೇಲೆ, ಎಪ್ಪತ್ತು ದಾಟಿದ ಆ ಜೀವವನ್ನು ಪದ್ಮಾ ಮಹಡಿ ಹತ್ತಲೂ ಬಿಡುತ್ತಿರಲಿಲ್ಲ. ದೇವರ ಕೆಲಸವೆಂದು ಕಾಶಿಗೆ ಮಾತ್ರ ಒಪ್ಪಿದ್ದಳು.

ಫೋನ್ ಬಡಿದುಕೊಂಡಿತು. ಅಮ್ಮನೇ. ಆ ಕಡೆ ಗಾಳಿ ಭೋರೆನ್ನುತ್ತಿತ್ತು.

“ಹೇಗಿದೀಯಮ್ಮಾ? ಘಾಟಿನ ಮೆಟ್ಟಿಲು ಜೋಪಾನ.”

“ಹತ್ತೋದೇನೂ ಕಷ್ಟ ಇಲ್ಲ ಕಣೇ. ಇಳಿಯೋವಾಗ ಸ್ವಲ್ಪ ಹಿಡ್ಕೋಬೇಕು, ಅಷ್ಟೇ.” ಏದುಸಿರಿನ ನಡುವೆ ಅಮ್ಮ ನಕ್ಕಳು. “ಎಲ್ಲಿ ನೋಡಿದ್ರೂ ನೀರು, ಪದ್ಮಾ. ಮದುವೆಗೆ ಮುಂಚಿನಿಂದ ಇದ್ದ ಆಸೆ ನೋಡು. ಈಗ ಕೂಡಿ ಬಂತು.”

ಬೆವರಿಲ್ಲದ ಅಂಗಿಯ ಅನುಮಾನ ಪದ್ಮಾಳ ನಾಲಿಗೆಯ ತುದಿಗೆ ಬಂತು. ಪುಣ್ಯ ಮಾಡಿಕೊಳ್ಳಲು ಹೋದವಳ ಕಿವಿಗೆ ಅಳಿಯನ ಮೇಲಿನ ದೂರು ಯಾಕೆ?

ಅಂತರ್ವೇದಿಯ ನರಸಿಂಹನ ದರ್ಶನಕ್ಕೆ ಹೋಗಿದ್ದ ಪಕ್ಕದ ಮನೆಯ ಅನಸೂಯಾ, ಮರುದಿನ ಪ್ರಸಾದದ ಜೊತೆಗೆ ಸುದ್ದಿಯನ್ನೂ ತಂದಳು.

“ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ದಾರೀಲಿ ನಿಮ್ಮ ಯಜಮಾನರನ್ನ ನೋಡಿದೆ. ಕಾರು ಓಡಿಸ್ತಿದ್ರು.”

“ಅವರೇನಾ?”

“ಅವರೇ. ಇಳಿದು ಎಳನೀರು ಕೆತ್ತಿಸಿ ಒಬ್ಬ ಹೆಂಗಸಿಗೆ ಕೊಟ್ರು. ಅವಳ ಬೆನ್ನು ಮಾತ್ರ ಕಾಣಿಸ್ತು. ಟ್ರ್ಯಾಕ್ ಪ್ಯಾಂಟು, ಹೆಲ್ಮೆಟ್ಟು. ತೆಳ್ಳಗೆ, ನೆಟ್ಟಗೆ. ಟವೆಲಿನಿಂದ ಅವಳಿಗೆ ಗಾಳಿ ಬೇರೆ ಹಾಕ್ತಿದ್ರು!”

ಮದುವೆಯಾದಂದಿನಿಂದ ಗಂಡ ತನಗೆ ಒಮ್ಮೆಯಾದರೂ ಗಾಳಿ ಹಾಕಿದ್ದು ಪದ್ಮಾಗೆ ನೆನಪಾಗಲಿಲ್ಲ.

ಯಾತ್ರೆ ಮುಗಿಯುವ ದಿನ ಅವಳು ಹೇಳದೆ ಕೇಳದೆ ರೈಲು ಹತ್ತಿ ವಿಜಯವಾಡದಲ್ಲಿ ಇಳಿದಳು. ಅಲ್ಲಿನ ಪಟಮಟ ಬಡಾವಣೆಯಲ್ಲಿದ್ದ ಮಗಳು ಪ್ರತೀಕ್ಷಾ ಬಾಗಿಲು ತೆರೆದು, ತಾಯಿಯನ್ನು ಕಂಡು ಬೆಚ್ಚಿದಳು. ಕತೆಯೆಲ್ಲ ಕೇಳಿದ ಮೇಲೆ ಯಾಕೋ ಮುಖ ಆ ಕಡೆ ತಿರುಗಿಸಿ ಕೆಮ್ಮಿದಳು.

“ಊರುಕೋ ಅಮ್ಮಾ,” ಎಂದು ತೆಲುಗಿನಲ್ಲೇ ಸಮಾಧಾನ ಮಾಡಿದಳು. “ಅಪ್ಪ ಅಂಥೋರಲ್ಲ.”

“ಮತ್ತೆ ಆ ಹಾರ ಯಾರಿಗೆ?”

ಮೇಜಿನ ಮೇಲೆ ಚೆಂಡುಹೂವಿನ ದಪ್ಪ ಹಾರವಿತ್ತು.

“ತುಳಿದುಕೊಂಡು ಬಂದೋರಿಗೆ,” ಎಂದಳು ಮಗಳು.

ಯಾತ್ರೆ ಮುಗಿಯಬೇಕಿದ್ದ ಬೆಂಜ್ ಸರ್ಕಲ್ಲಿಗೆ ತಾಯಿ ಮಗಳು ಬಂದಾಗ ಅದು ಎಂದಿನಂತೆ ಗಿಜಿಗುಡುತ್ತಿತ್ತು. ಬಂದರು ರಸ್ತೆಯಿಂದ ಅವರ ಕಾರು ದೀಪ ಮಿಣುಕಿಸುತ್ತ, ಮದುವೆ ದಿಬ್ಬಣದ ಹಾಗೆ ಮೆಲ್ಲಗೆ ಬಂದು ಪಕ್ಕಕ್ಕೆ ನಿಂತಿತು. ಸ್ಟಿಯರಿಂಗ್ ಹಿಡಿದವನು ಮಹಾಬಲೇಶ್ವರ. ಇಸ್ತ್ರಿಯ ಅಂಗಿ. ಒಳಗೆ ಇನ್ಯಾರೂ ಇಲ್ಲ.

ಪದ್ಮಾ ಕಿಟಕಿಗೆ ಮುಖ ಕೊಟ್ಟಳು. “ರೀ, ಸೈಕಲ್ ಎಲ್ಲಿ?”

ಅವನ ಮುಖ ಬಿಳಿಚಿಕೊಂಡಿತು. “ಹಿಂದೆ ಬರ್ತಿದೆ.”

“ಯಾರವಳು?”

“ಕೂಗಾಡ್ಬೇಡ ಮಾರಾಯ್ತಿ. ಹೇಳಿದ್ರೆ ನೀನು ಬಿಡ್ತಿರಲಿಲ್ಲ.”

“ಬಿಡೋದಾ?” ಪದ್ಮಾಳ ದನಿಗೆ ಆಟೋದವರು ತಿರುಗಿ ನೋಡಿದರು. “ಇಂಥದ್ದಕ್ಕೆ ಯಾವ ಹೆಂಡತಿ ಬಿಡ್ತಾಳ್ರೀ?”

ಅಷ್ಟರಲ್ಲಿ ಸಿಟಿ ಬಸ್ಸಿನ ಪಕ್ಕದಿಂದ ಹಳದಿ ಸೈಕಲ್ಲು ನುಸುಳಿತು. ಕಪ್ಪು ಕನ್ನಡಕ, ಟ್ರ್ಯಾಕ್ ಪ್ಯಾಂಟು. ತೆಳ್ಳನೆಯ ಆಕೃತಿ ಒಂದು ಕೈ ಚಾಚಿ ಲಾರಿಯೊಂದನ್ನು ತಡೆದು, ಠೀವಿಯಿಂದ ತಿರುವು ತೆಗೆದುಕೊಂಡು, ಪದ್ಮಾಳ ಎದುರಿಗೇ ಬಂದು ಬ್ರೇಕ್ ಹಾಕಿತು. ಪ್ರತೀಕ್ಷಾ ಓಡಿಹೋಗಿ ಹಾರ ಹಾಕಿದಳು. ಪದ್ಮಾ ಸೆರಗು ಬಿಗಿದು ಮುನ್ನುಗ್ಗಿದಳು. ಹೆಲ್ಮೆಟ್ಟು ಕಳಚಿತು.

“ಅಳಿಯಂದಿರನ್ನ ಬೈಬೇಡ ಪದ್ಮಾ,” ಎಂದಳು ಕಾಶಿಯಲ್ಲಿರಬೇಕಾಗಿದ್ದ ಅಮ್ಮ, ಬಿಳಿಗೂದಲ ತುರುಬನ್ನು ಮತ್ತೆ ಬಿಗಿದು ಕಟ್ಟುತ್ತ. “ಅವರು ಸಿಟ್ಟು ಮಾಡ್ಕೊಂಡ್ರೆ, ವಾಪಸ್ ಹೋಗೋವಾಗ ನನ್ನ ಹಿಂದೆ ಕಾರು ಯಾರು ಓಡಿಸ್ತಾರೆ?”