ಹುಣಸೆಹಣ್ಣು ಹಾಕಿ ತಿಕ್ಕಿದ ಯುಫೋನಿಯಂ

ಹುಣಸೆಹಣ್ಣಿನಲ್ಲಿ ದೀಪ ತಿಕ್ಕುವಾಗ ಏಳುವ ಹುಳಿ ವಾಸನೆಯೆಂದರೆ ನನಗೆ ಈಗಲೂ ಇರಿಟೇಶನ್.

ನಾನು ಚಿಕ್ಕವಳಿದ್ದಾಗ ರಾಜಾಜಿನಗರದ ನಮ್ಮ ರಸ್ತೆಯಲ್ಲಿ ನಾಲ್ಕೇ ಮನೆ. ಅಪ್ಪ ಬ್ಯಾಂಡಿನಲ್ಲಿ ಯುಫೋನಿಯಂ ಎಂಬ ದಪ್ಪ ಹಿತ್ತಾಳೆ ವಾದ್ಯ ಊದುತ್ತಿದ್ದರು. ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಬರೀ ‘ಭೋಂ ಭೋಂ’ ಅಂದವರಿಗೆ ಕೊನೆಗೂ ಒಬ್ಬರೇ ನುಡಿಸುವ ಒಂದು ಸೋಲೋ ಸಿಕ್ಕಿತ್ತು. ಅಂದು ಸಂಜೆಯೇ ಪಾರ್ಕಿನಲ್ಲಿ ನುಡಿಸಬೇಕು. ಮಧ್ಯಾಹ್ನ ಅವರು ಮಲಗಿದ್ದಾಗ ಅಮ್ಮ ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಒಳಗೆ ನೀರು ಹೊಯ್ದು ಕುಲುಕಿದವಳು ನಾನು.

ಅಪ್ಪ ಎದ್ದು, ಸ್ವರ ಬದಲಿಸುವ ಪಿಸ್ಟನ್ ಗುಂಡಿ ಒತ್ತಿದರು. ಒತ್ತಿದ್ದು ಮೇಲೇಳಲೇ ಇಲ್ಲ.

“ಏನೇ ಇದು? ನೀರಿನ ಕೊಳಗ ಅಂದ್ಕೊಂಡ್ಯಾ?”

“ಹಿತ್ತಾಳೆ ಅಂದ್ಮೇಲೆ ಹಿತ್ತಾಳೆ ಕಣ್ರೀ. ಕಿಲುಬು ಹಿಡಿದಿದ್ದನ್ನ ಜನದ ಮುಂದೆ ಊದ್ತೀರಾ?”

ನೀರು ಹೊಯ್ದದ್ದು ಯಾರೆಂದು ಅಪ್ಪ ಕೇಳಲಿಲ್ಲ. ಅಮ್ಮ ಹೇಳಲೂ ಇಲ್ಲ.

ಸಂಜೆ ಪಾರ್ಕಿನಲ್ಲಿ ಬ್ಯಾಂಡ್‌ಮಾಸ್ಟರ್ ಸೋಲೋವನ್ನು ಕಾರ್ನೆಟ್ ಎಂಬ ಪುಟ್ಟ ಕಹಳೆ ಊದುವವನಿಗೆ ಕೊಟ್ಟುಬಿಟ್ಟರು. ಅವನು ನುಡಿಸಿದಷ್ಟು ಹೊತ್ತೂ ಅಪ್ಪ ತಮ್ಮ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಏಳದ ಆ ಪಿಸ್ಟನ್ ಮೇಲೆ ಬೆರಳಾಡಿಸುತ್ತ ಕೂತಿದ್ದರು.

ಜನರ ನಡುವೆ ನನ್ನ ಪಕ್ಕ ಕೂತಿದ್ದ ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ನೋಡೇ, ಅಷ್ಟು ವಾದ್ಯದಲ್ಲೂ ನಿಮ್ಮಪ್ಪಂದೇ ಫಳಫಳ ಅಂತಿದೆ.”