ಒಮ್ಮೆ ಕೊಟ್ಟ ಆಯ್ಕೆ

ಶಾಲಾ ಶಿಕ್ಷಕಿ ನೀಲಾಂಬಿಕೆ ಖಜಾನೆಯ ಪಿಂಚಣಿ ಮೇಜಿನ ಮುಂದೆ ಬಂದು ಕೂತಾಗ, ಗುಮಾಸ್ತ ತಿಪ್ಪೇರುದ್ರಪ್ಪ ಫ್ಯಾನನ್ನು ಅವಳ ಕಡೆ ತಿರುಗಿಸಿದ. ಅವಳಿಗೆ ಅಂದು ಅರವತ್ತು ತುಂಬಿತ್ತು. ಅವಳ ಅಪ್ಪನಾದ ಅವನಿಗೆ ನಲವತ್ತೊಂದು.

ಸರ್ಕಾರಿ ನೌಕರರಿಗೆ ಇನ್ಕ್ರಿಮೆಂಟ್ ಬಿದ್ದರೆ ಮಾತ್ರ ವಯಸ್ಸು ಏರುತ್ತಿತ್ತು. ವೇತನ ಪರಿಷ್ಕರಣೆಯ ವರ್ಷ ಉಳಿದವರೆಲ್ಲ ಹೊಸ ಶ್ರೇಣಿಗೆ ಹೋದರೆ, ತಿಪ್ಪೇರುದ್ರಪ್ಪ ಕೈಗೆ ಒಂದಿಷ್ಟು ಹೆಚ್ಚು ಬರುತ್ತದೆಂದು ಹಳೆಯದರಲ್ಲೇ ಉಳಿಯುವುದಾಗಿ ಬರೆದುಕೊಟ್ಟಿದ್ದ. ಆ ಶ್ರೇಣಿ ಅವನ ನಲವತ್ತೊಂದಕ್ಕೇ ಮುಗಿದು, ಇನ್ಕ್ರಿಮೆಂಟ್ ನಿಂತಿತು. ಒಮ್ಮೆ ಕೊಟ್ಟ ಆಯ್ಕೆಯೇ ಅಂತಿಮವೆಂದು ನಮೂನೆಯ ಕೆಳಗೆ ಅಚ್ಚಾಗಿತ್ತು. ಅಲ್ಲಿಂದ ನಲವತ್ನಾಲ್ಕು ವರ್ಷ ಅವನು ಜೊತೆಯವರ ಪಿಂಚಣಿ ಕಾಗದ ಮಾಡಿಕೊಟ್ಟ, ಆಮೇಲೆ ಅವರ ಮಕ್ಕಳದ್ದು.

“ಹೊಸ ವೇತನ ಆಯೋಗ ಬಂದೈತಲ್ಲಪ್ಪ, ಅರ್ಜಿ ಹಾಕಿದ್ಯಾ?” ಎಂದಳು ನೀಲಾಂಬಿಕೆ.

“ಹಾಕಿದ್ದೆ ಕಣವ್ವ. ಎಲ್ಲರಿಗೂ ಒಂದೇ ಸಮ ಮಾಡ್ತಾರಂತೆ, ಹಳೇ ಶ್ರೇಣೀಲಿ ಉಳಿದೋರನ್ನ ಬಿಟ್ಟು. ಅಂಥೋನು ಜಿಲ್ಲೇಲಿ ನಾನೊಬ್ನೇ.”

ಅವಳು ಸಹಿ ಹಾಕಿ, ಬಗ್ಗಿ ಅವನ ಕಾಲು ಮುಟ್ಟಿದಳು. ಮಂಡಿ ಹಿಡಿದುಕೊಂಡು ಮೇಲೇಳಲಾಗಲಿಲ್ಲ. ತಿಪ್ಪೇರುದ್ರಪ್ಪ ಅವಳ ಎರಡೂ ರಟ್ಟೆ ಹಿಡಿದು ಸಲೀಸಾಗಿ ಎತ್ತಿ ನಿಲ್ಲಿಸಿದ. ತನ್ನ ತೋಳಿನ ಬಲಕ್ಕೆ ಅವನಿಗೇ ನಾಚಿಕೆಯಾಯಿತು.

“ನೀನು ರಿಟೈರಾಗಿ ಮನೆಗೆ ಬರೋದು ಯಾವಾಗಪ್ಪ?”

ಅವನು ಅವಳ ಕಡತಕ್ಕೆ ದಾರ ಕಟ್ಟಿ, ಇಡಲು ಡ್ರಾಯರ್ ಎಳೆದ. ಒಳಗೆ ಇನ್ನೊಂದು ಪಿಂಚಣಿ ಕಡತವಿತ್ತು. ಅದರ ಮೇಲೆ, ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಅವಳ ಮಗಳ ಹೆಸರನ್ನು ಅವನು ಆಗಲೇ ದುಂಡಗೆ ಬರೆದಿಟ್ಟಿದ್ದ.